ಹಿತ್ತಲ ಬಾಗಿಲಿನ ವಿದೇಶಾಂಗ ಮಂತ್ರಿ

ನಮ್ಮ ಓಣಿಯಲ್ಲಿ ಇದುವರೆಗೆ ಯುದ್ಧವಾಗಿಲ್ಲ. ಅದಕ್ಕೆ ಕಾರಣ ತಾವೊಬ್ಬರೇ ಎಂದು ನಂಬಿರುವವರು ನಮ್ಮ ಮನೆಯ ಕಟ್ಟೆಯ ಮೇಲೆ ದಿನವೂ ಕೂತಿರುತ್ತಾರೆ! ಮೊಮ್ಮಕ್ಕಳೇ, ನೀವು ಸಣ್ಣಜ್ಜ ಎಂದು ಕರೆಯುವ ನನ್ನ ಮೈದುನರ ಸುದ್ದಿಯನ್ನೇ ಹೇಳುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಬರೆದರೆ, ಯಾಕೆ ಬರೆದಿರಿ, ಯಾರು ಬರೆಸಿದರು ಎಂದು ತನಿಖೆ ಶುರುವಾಗುತ್ತದೆ.

ಅವರು ಜಮಖಂಡಿಯ ಕಾಲೇಜಿನಲ್ಲಿ ದೇಶದೇಶಗಳ ಸಂಬಂಧದ ಪಾಠ ಹೇಳುತ್ತಿದ್ದರು. ನಿವೃತ್ತರಾಗಿ ರಬಕವಿಗೆ ಬಂದ ಮೇಲೆ ಅವರಿಗೆ ಉಳಿದ ವಿದ್ಯಾರ್ಥಿ ನಾನೊಬ್ಬಳೇ. ಚಿಮ್ಮಡದ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದವಳಿಗೆ ಗ್ರೀಕರೂ ಚೀನದವರೂ ಎಲ್ಲಿಂದ ಗೊತ್ತಿರಬೇಕು? ಆದರೂ ರೊಟ್ಟಿ ಬಡಿಯುತ್ತಲೇ ಒಂದಿಷ್ಟು ಕಲಿತೆ. ಗ್ರೀಕ್ ನಾಡಿನಲ್ಲಿ ಅಥೆನ್ಸ್, ಸ್ಪಾರ್ಟಾ ಎಂಬ ಎರಡು ಊರುಗಳಿದ್ದವಂತೆ. ಒಂದು ಬೆಳೆಯಿತು, ಇನ್ನೊಂದು ಅಂಜಿತು, ಬಡಿದಾಡಿ ಎರಡೂ ಸೊರಗಿದವು. ಹಳೆಯ ಚೀನದ ತಿಳಿದವರು ಬೇರೆ ದಾರಿ ಹೇಳಿದರಂತೆ. ದೊಡ್ಡವನು ದೊಡ್ಡವನ ಹಾಗೆ ನಡೆದರೆ ಸಣ್ಣವರು ತಾವಾಗಿಯೇ ಹತ್ತಿರ ಬರುತ್ತಾರೆ. ಕಾಣಿಕೆ ತಂದವರಿಗೆ ತಂದದ್ದಕ್ಕಿಂತ ಹೆಚ್ಚು ಕೊಟ್ಟು ಕಳಿಸಬೇಕು. ಇಂದಿನ ದೇಶಗಳ ನಡೆಯೆಲ್ಲ ಈ ಎರಡು ಪಾಠದೊಳಗೇ ಇದೆ ಎನ್ನುತ್ತಿದ್ದರು. ಆದರೆ ಪ್ರಯೋಗ ಮಾಡಿ ನೋಡಲು ಇವರ ಕೈಗೆ ಯಾರು ದೇಶ ಕೊಡುತ್ತಾರೆ? ಹಾಗಾಗಿ ಪಕ್ಕದ ಮನೆಯ ಮೇಲೆ ಮಾಡಿದರು.

ಪಕ್ಕದ ಮನೆ ಶಾಂತಕ್ಕನದು. ನಮ್ಮೆರಡು ಹಿತ್ತಲುಗಳ ನಡುವೆ ಒಂದು ಸಣ್ಣ ಬಾಗಿಲಿದೆ. ನಾಲ್ಕು ಜನರ ಮುಂದೆ ಓಣಿಯಲ್ಲಿ ಹಾದುಹೋಗಲೂ ನಾಚುವವಳು ನಾನು. ನಿಮ್ಮ ಅಜ್ಜ ತೀರಿಕೊಂಡ ಮೇಲಂತೂ ಆ ಬಾಗಿಲೇ ನನ್ನ ಪೇಟೆ, ಅದೇ ನನ್ನ ತವರು.

ನಮ್ಮ ಕೈಮಗ್ಗ ಅಜ್ಜನ ಜೊತೆಗೇ ನಿಂತಿತ್ತು. ಆಮೇಲೆ ಶಾಂತಕ್ಕನ ಮಗ ನಡುಗೋಡೆಗೆ ತಾಗಿಸಿ ಪವರ್‌ಲೂಮ್ ಹಾಕಿಸಿದ. ಅದು ಶುರುವಾದರೆ ನಮ್ಮ ಅಡುಗೆಮನೆಯ ಹಲಗೆಯ ಮೇಲಿನ ತಾಟುಗಳು ತಾವೇ ನಡೆದು ಅಂಚಿಗೆ ಬರುತ್ತಿದ್ದವು! ನಾನು ಒಂದು ಕೈಯಿಂದ ರೊಟ್ಟಿ ತಿರುವಿ ಇನ್ನೊಂದರಿಂದ ತಾಟು ಹಿಡಿಯುತ್ತಿದ್ದೆ. ಮೈದುನರು ಗೋಡೆಗೆ ಕಿವಿ ಹಚ್ಚಿದರು.

"ಅವರು ಬೆಳ್ಯಾಕತ್ತಾರ್ರಿ ವೈನಿ. ನಮಗ ಅಂಜಿಕಿ ಹುಟ್ಟಾಕತ್ತೈತಿ. ಯುದ್ಧ ಶುರು ಆಗೂದು ಹಿಂಗ."

ನನಗೆ ಅಂಜಿಕೆ ಇದ್ದದ್ದು ತಾಟಿನದಷ್ಟೇ.

ಪಂಚಮಿಗೆ ಶಾಂತಕ್ಕ ಬಟ್ಟಲ ತುಂಬ ಶೇಂಗಾ ಉಂಡಿ ಕೊಟ್ಟಳು. ಮೈದುನರು ಬಟ್ಟಲಿನ ಸುತ್ತ ಒಂದು ಸುತ್ತು ಹಾಕಿ, ಯಾಕೆ ಕೊಟ್ಟರು ಎಂದು ಕೇಳಿದರು. ಹಬ್ಬವಲ್ಲವೇ ಎಂದೆ. ಹಬ್ಬ ಬರೀ ನೆಪ ಎಂದು ಒಂದು ಉಂಡಿ ಬಾಯಿಗೆ ಹಾಕಿಕೊಂಡರು.

"ಸಂಶಯ ಇನ್ನೂ ಹೋಗವಲ್ದು. ಇನ್ನೊಂದು ಕೊಡ್ರಿ."

ನಮ್ಮ ಕಡೆ ಬಟ್ಟಲನ್ನು ಖಾಲಿ ಹಿಂದಿರುಗಿಸುವುದಿಲ್ಲ, ಒಂದು ಚಮಚ ಸಕ್ಕರೆಯಾದರೂ ಹಾಕುತ್ತೇವೆ. ಇವರು ಚೀನದ ಪಾಠ ತೆಗೆದರು. ಸಕ್ಕರೆ ಸಾಲದು, ಕರ್ಚಿಕಾಯಿ ಹೋಗಬೇಕು. ಹೋಯಿತು. ಶಾಂತಕ್ಕ ಸುಮ್ಮನಿರುವವಳೇ? ಅಲ್ಲಿಂದ ದೊಡ್ಡ ಪಾತ್ರೆಯಲ್ಲಿ ಹೋಳಿಗೆ ಬಂತು. ಇಲ್ಲಿಂದ ಚಕ್ಕುಲಿ. ಕೊನೆಗೆ ಆ ಕಡೆಯಿಂದ ಅನ್ನ ಬೇಯಿಸುವ ದೊಡ್ಡ ಡಬರಿಯೇ ತುಂಬಿ ಬಂತು! ಇದಕ್ಕೆ ಶಸ್ತ್ರಾಸ್ತ್ರ ಪೈಪೋಟಿ ಎನ್ನುತ್ತಾರೆ ಎಂದು ಹೇಳುತ್ತ ಮೈದುನರು ಗಂಭೀರವಾಗಿ ತಿನ್ನುತ್ತಿದ್ದರು. ಈ ರಾಜನೀತಿಯೆಲ್ಲ ನಾಲಿಗೆಯ ಚಪಲವೇ ಇರಬೇಕೆಂದು ಈಗ ನನಗೆ ಸಂಶಯ ಶುರುವಾಯಿತು.

ಅಷ್ಟರಲ್ಲಿ ಅವರೊಂದು ಸುದ್ದಿ ತಂದರು. ಶಾಂತಕ್ಕನ ಮಗ ಬನಹಟ್ಟಿ ಕಡೆ ಜಾಗ ನೋಡುತ್ತಿದ್ದಾನೆ, ಸಾಮ್ರಾಜ್ಯ ವಿಸ್ತರಣೆಯಾಗುತ್ತಿದೆ ಎಂದರು. ನಾನು ನಕ್ಕು ಬಿಟ್ಟೆ. ಮರುದಿನ ನೋಡಿದರೆ ಹಿತ್ತಲ ಬಾಗಿಲಿಗೆ ಕೀಲಿ! ಗಡಿ ಭದ್ರತೆಯಂತೆ. ಕೀಲಿಕೈ ಮೈದುನರ ಕಿಸೆಯಲ್ಲಿ.

ಶಾಂತಕ್ಕ ಬಂದು ಬಾಗಿಲು ತಳ್ಳಿದ್ದು ಕೇಳಿಸಿತು. ಹಿಂದಿರುಗಿ ಹೋದದ್ದೂ ಕೇಳಿಸಿತು. ಆಮೇಲೆ ಬರಲಿಲ್ಲ. ಮಗ್ಗದ ಸಪ್ಪಳಕ್ಕೆ ನಾನು ಸಿಟ್ಟಾದೆನೆಂದು ಅವಳು ತಿಳಿದಳೋ, ದುಡ್ಡು ಬಂದು ಅವಳಿಗೆ ನಾನು ಬೇಡವಾದೆನೋ, ಏನೇನೋ ಸಂಶಯ. ಓಣಿ ಸುತ್ತಿ ಅವಳ ಮುಂಬಾಗಿಲಿಗೆ ಹೋಗಲು ಕಾಲು ಬರಲಿಲ್ಲ. ಅವಳ ಡಬರಿ ನಮ್ಮ ಹಲಗೆಯ ಮೇಲೆ ಖಾಲಿ ಕೂತಿತ್ತು. ಒಂದು ದಿನ ತಡೆಯಲಾರದೆ ಮೈದುನರನ್ನು ಕೇಳಿದೆ.

"ನಿಮ್ಮ ಆ ಎರಡು ಊರಾಗ ಹೆಣ್ಮಕ್ಕಳು ಇದ್ದಿಲ್ಲೇನ್ರಿ? ಒಬ್ಬರ ಡಬರಿ ಇನ್ನೊಬ್ಬರ ಮನ್ಯಾಗ ಉಳಿದಿದ್ದಿಲ್ಲೇನು?"

ಅವರು ಕಟ್ಟೆಯಿಂದ ಎದ್ದು ಒಳಗೆ ಹೋಗಿ ಡಬರಿ ನೋಡಿ ಬಂದರು.

ಮರುದಿನ ಸ್ನಾನ ಮುಗಿಸಿ ಬಂದರೆ ಅಡುಗೆಮನೆಯಲ್ಲಿ ಸೀದ ವಾಸನೆ. ಒಲೆಯ ಮೇಲೆ ಚಹಾ ಬಿಟ್ಟರೆ ಬೇರೇನೂ ಕಾಯಿಸದ ಮನುಷ್ಯ ರವೆಯ ಶಿರಾ ಮಾಡಿದ್ದರು! ಹಲಗೆಯ ಮೇಲೆ ಡಬರಿ ಇರಲಿಲ್ಲ. ಹಿತ್ತಲ ಬಾಗಿಲು ಹಾರು ಹೊಡೆದಿತ್ತು. ಗೋಡೆಯಾಚೆ ಮಗ್ಗ ನಿಂತಿತು, ಮೈದುನರ ಮಾತು ಕೇಳಿಸಿತು.

"ಶಾಂತಕ್ಕಾರ, ಕೀಲಿ ಹಾಕಿದಾಂವ ನಾನ್ರಿ, ವೈನಿ ಅಲ್ಲ. ನೀವು ದೊಡ್ಡವರಾಗಿ ಬನಹಟ್ಟಿಗೆ ಹೊಂಟು ಹೋಗ್ತೀರಿ ಅಂತ ಅಂಜಿದೆ. ನಮ್ಮನ್ನ ಬಿಡೂದ ಆದ್ರ ವೈನಿಗೆ ಈಗಿಂದನ ರೂಢಿ ಆಗ್ಲಿ ಅಂದ್ಕೊಂಡೆ. ನಮ್ಮಣ್ಣ ಹೋದ ಮ್ಯಾಲೆ ನಮ್ಮ ವೈನಿ ನಗೂದು ನಿಮ್ಮ ಜೋಡಿ ಅಷ್ಟ. ನೀವು ಹೋದ್ರ ನನ್ನ ಪಾಠದಿಂದ ಅವರು ನಗ್ತಾರೇನ್ರಿ?"

"ಜಾಗ ಬರೇ ಮಗ್ಗಕ್ಕ ನೋಡಾಕತ್ತಾನೋ ಯಪ್ಪಾ. ನಾ ಎಲ್ಲಿ ಹೋಗ್ಲಿ?" ಎಂದಳು ಶಾಂತಕ್ಕ. "ಈ ಶಿರಾಕ್ಕ ಸಕ್ರಿ ಹಾಕಿಯೋ ಇಲ್ಲೋ?"

ಮಗ್ಗ ಮತ್ತೆ ಶುರುವಾಯಿತು. ಹಲಗೆಯ ಮೇಲೆ ತಾಟುಗಳು ನಡೆಯತೊಡಗಿದವು. ಹಿಡಿಯೋಣವೆಂದರೆ ನನ್ನ ಎರಡೂ ಕೈ ಕಣ್ಣಿಗೊತ್ತಿದ ಸೆರಗಿನಲ್ಲಿದ್ದವು. ಬೀಳಲಿ ಬಿಡು ಎಂದುಕೊಂಡೆ.