ಪಡಸಾಲೆಯಲ್ಲಿ ಸಿಕ್ಕ ವಾಯಿದೆ

೧೯೮೮ರ ಬೇಸಿಗೆಯಲ್ಲಿ, ಹೊನ್ನಾಳಿಯ ಕುಮಾರಿ ಶಾಂತಾದೇವಿಯು ಬೆಂಗಳೂರಿನ ಕಾನೂನು ಕಾಲೇಜೊಂದರ ಪ್ರವೇಶ ಪರೀಕ್ಷೆಗೆ ಯಾವ ರೀತಿ ಓದತಕ್ಕದ್ದೆಂಬುದನ್ನು ತೀರ್ಮಾನಿಸಲು, ಆಕೆಯ ತಂದೆ ಅಡಿಕೆ ಮಂಡಿ ಬಸವರಾಜಪ್ಪನವರ ಪಡಸಾಲೆಯಲ್ಲಿ ಸಮಿತಿಯೊಂದು ರಚನೆಯಾಯಿತು. ಓದತಕ್ಕವಳನ್ನು ಸೇರಿಸಿಕೊಳ್ಳಲಿಲ್ಲ, ತನ್ನದೇ ವಿಷಯದಲ್ಲಿ ಆಕೆ ನಿಷ್ಪಕ್ಷಪಾತಿಯಾಗಿರುವುದು ಸಾಧ್ಯವಿರಲಿಲ್ಲ.

ಅಧ್ಯಕ್ಷರು ಸೋದರಮಾವ ಮರುಳಸಿದ್ದಪ್ಪ, ಕೋರ್ಟಿನ ನಿವೃತ್ತ ಶಿರಸ್ತೇದಾರರು. ಸದಸ್ಯರು ಕಟ್ಟಿಗೆ ಅಡ್ಡೆಯ ಸುಬಾನಸಾಬರು. ಕಾಂಪೌಂಡ್ ಗೋಡೆಯೊಂದರ ಬಗ್ಗೆ ತಮ್ಮ ತಂದೆಯ ಕಾಲದಿಂದ ದಾವೆ ನಡೆಸುತ್ತಿದ್ದುದರಿಂದ ಅವರನ್ನು ಕಾನೂನು ಬಲ್ಲವರೆಂದು ಪರಿಗಣಿಸಲಾಯಿತು.

ಪಾಸಾಗದಿದ್ದರೆ ಶಾಂತಾದೇವಿಯನ್ನು ಜಗಳೂರು ಕಡೆ ಸೊಕ್ಕೆಯ ಬೆನಕಪ್ಪನವರ ಮಗನಿಗೆ ಕೊಡುವುದೆಂದು ಮಾತಾಗಿತ್ತು. ಹಾಗಾಗಿ ಆಕೆ ಬಾಗಿಲ ಮರೆಯಿಂದ ಕಲಾಪವನ್ನು ಮೈಯೆಲ್ಲ ಕಿವಿಯಾಗಿ ಆಲಿಸಿದಳು. ಚನ್ನಗಿರಿಯ ವಕೀಲರೊಬ್ಬರ ಬಳಿ ಪಾಠಕ್ಕೆ ಹೋಗುವುದೋ, ಅಂಚೆಯಲ್ಲಿ ಗೈಡ್ ತರಿಸಿ ಮನೆಯಲ್ಲೇ ಓದುವುದೋ ಎಂಬುದು ವಿಚಾರಣೆಗೆ ಬಂತು.

"ಗೈಡ್ ಸಾಕು ಮಾವ, ನಾನೇ ಓದ್ಕೊಂತೀನಿ," ಅಂದಳು.

"ನೀನು ಪಾರ್ಟಿ ಕಣವ್ವ, ನಡುವೆ ಬಾಯಿ ಹಾಕಬ್ಯಾಡ," ಎಂದರು ಮಾವ.

"ಚನ್ನಗಿರಿ ವಕೀಲರಿಗೆ ನನ್ನ ತಕರಾರೈತೆ ಶಿರಸ್ತೇದಾರ್ರೇ," ಎಂದರು ಸುಬಾನಸಾಬರು. "ಗೋಡೆ ಕೇಸಿನಾಗೆ ಅವರು ಎದುರು ಪಾರ್ಟಿ ಕಡೆ."

ವಾಯಿದೆ ಹಾಕಲಾಯಿತು. ಮುಂದಿನ ಸಲ ಅಧ್ಯಕ್ಷರು ನ್ಯಾಮತಿಗೆ ಮದುವೆಗೆ ಹೋಗಿದ್ದರು; ವಾಯಿದೆ. ಆಮೇಲೆ ಗೈಡ್ ಪರಿಶೀಲನೆಗೆ ಬಂತು, ಅಧ್ಯಕ್ಷರ ಕನ್ನಡಕ ಬರಲಿಲ್ಲ, ವಾಯಿದೆ. ಅದರ ಮುಂದಿನ ಸಲ ಸುಬಾನಸಾಬರ ಕೇಸು ಕೋರ್ಟಿಗೆ ಬಂದಿತ್ತು. ಅಂದು ಎರಡೂ ಕಡೆ ವಾಯಿದೆ ಸಿಕ್ಕಿತು.

"ಪರೀಕ್ಷೆ ನಿನ್ನೆ ಮುಗೀತು ಮಾವ, ನಾನು ಬರೀಲಿಲ್ಲ," ಎಂದಳು ಶಾಂತಾದೇವಿ.

"ಯಾರನ್ನ ಕೇಳಿ ಮುಗಿಸಿದ್ರು? ಇಲ್ಲಿ ವಿಚಾರಣೆ ಬಾಕಿ ಐತಲ್ಲ."

ವಿಚಾರಣೆ ಬಾಕಿಯಿರುವಾಗ ನಡೆಸಿದ ಪರೀಕ್ಷೆಯು ಈ ಮನೆಯ ಮಟ್ಟಿಗೆ ನಡೆದೇ ಇಲ್ಲವೆಂದು ಸರ್ವಾನುಮತದಿಂದ ಠರಾವಾಯಿತು. ಬಸವರಾಜಪ್ಪನವರು ಠರಾವಿಗೆ ತಲೆದೂಗಿ, ಮಗಳು ಪಾಸಾಗಲಿಲ್ಲವೆಂದು ಸೊಕ್ಕೆಗೆ ಹೇಳಿಕಳಿಸಿದರು.

ಬೆನಕಪ್ಪನವರು ಮಗನೊಂದಿಗೆ ಬಂದು ಕುಳಿತರು. ಶಾಂತಾದೇವಿ ಮಂಡಕ್ಕಿ ತಟ್ಟೆಗಳನ್ನಿಟ್ಟು, ವರನ ಕಡೆ ನೋಡದೆ ಅಧ್ಯಕ್ಷರ ಮುಂದೆ ನಿಂತಳು.

"ಪರೀಕ್ಷೆ ನಡೆದೇ ಇಲ್ಲ ಅಂತ ನೀವೇ ಠರಾವು ಮಾಡೀರಿ. ನಡೀದೇ ಇರೋ ಪರೀಕ್ಷೆಯಾಗೆ ನಾನು ಫೇಲಾಗಾಕೆ ಹೆಂಗೆ ಬರ್ತದೆ? ಮುಂದಿನ ವರ್ಷ ನಾನು ಬರೆಯೋ ತನಕ ಮದುವೆಗೆ ಸ್ಟೇ ಕೊಡ್ರಿ."

ಮರುಳಸಿದ್ದಪ್ಪ ಅರ್ಜಿಯನ್ನು ವಿಚಾರಣೆಗೆ ಅಂಗೀಕರಿಸಿದರು. ಆಧಾರ ಬಲವಾಗಿತ್ತು.

"ನಮ್ಮ ವಕೀಲ ಒಂದಿನಾನೂ ಹಿಂಗೆ ಮಾತಾಡಿಲ್ಲ ನೋಡ್ರಿ," ಎಂದು ಸುಬಾನಸಾಬರು ಕಣ್ಣೊರೆಸಿಕೊಂಡರು.

ಸ್ಟೇ ಮಂಜೂರಾಯಿತು. ಬೆನಕಪ್ಪನವರಿಗೂ ಜಮೀನಿನ ದಾವೆಯೊಂದಿದ್ದುದರಿಂದ ಕ್ರಮದಲ್ಲಿ ಅವರಿಗೆ ಲೋಪ ಕಾಣಲಿಲ್ಲ. ಮುಂದಿನ ವಾಯಿದೆ ಯಾವಾಗೆಂದು ಮಾತ್ರ ಕೇಳಿದರು. ವರನು ತನ್ನ ಕಡೆಯಿಂದ ತಕರಾರಿಲ್ಲವೆಂದು ತಿಳಿಸಿ, ಇನ್ನೊಂದು ತಟ್ಟೆ ಮಂಡಕ್ಕಿ ಹಾಕಿಸಿಕೊಂಡನು.