ಕೊಂಬೆ ಕಡಿಯಲು ಚಿಕ್ಕಮ್ಮನ ಸಹಿ

ಇಡೀ ತೂಬಗೆರೆ ಹೋಬಳಿಯಲ್ಲಿ ಗೇಣುದ್ದದ ಕೊಂಬೆ ಕಡಿಯಲು ಹೆಂಡತಿಯಿಂದ ಲಿಖಿತ ಅನುಮತಿ ಪಡೆಯುವ ಗಂಡಸು ಯಾರಾದರೂ ಇದ್ದರೆ ಅದು ನಮ್ಮ ಚಿಕ್ಕಪ್ಪ ಒಬ್ಬರೇ! ನಂಬುವುದಿಲ್ಲವೇ? ಅವರ ಮನೆಯ ತಾರಸಿಗೆ ಬನ್ನಿ. ಬಾಗಿಲ ಪಕ್ಕದ ಮೊಳೆಯಲ್ಲಿ ನೂರು ಪುಟದ ನೋಟ್‌ಬುಕ್ಕೊಂದು ಸೆಣಬಿನ ದಾರ ಕಟ್ಟಿಕೊಂಡು ನೇತಾಡುತ್ತಿರುತ್ತದೆ. ಎಡಗಡೆ ಚಿಕ್ಕಪ್ಪನ ಅರ್ಜಿ: ‘ನೇರಳೆ. ಕೆಳಗಿನಿಂದ ಎರಡನೇ ಕೊಂಬೆ. ಅರ್ಧ ಇಂಚು.’ ಬಲಗಡೆ ಚಿಕ್ಕಮ್ಮನ ಆದೇಶ: ‘ಆಗಲಿ’, ಇಲ್ಲವೇ ‘ಬೇಡ’. ಅದರ ಕೆಳಗೆ ಸಹಿ. ಒಂದು ಕಡೆ ‘ಬೇಡ, ಇರುವೆ ಸಾಲು ಹೋಗ್ತಾ ಇದೆ, ಪಾಪ’ ಎಂಬ ಆದೇಶವೂ ಇದೆ.

ಚಿಕ್ಕಪ್ಪ ಮೂವತ್ತು ವರ್ಷ ಲೈನ್‌ಮನ್ ಆಗಿದ್ದವರು. ಕಂಬ ಹತ್ತುವ ಮುಂಚೆ ಕರೆಂಟು ನಿಲ್ಲಿಸಿದ್ದಾರೆ ಎಂದು ಸ್ಟೇಷನ್ನಿನಿಂದ ಒಪ್ಪಿಗೆ ಪಡೆಯಬೇಕು. ಅದಕ್ಕೆ ಅವರ ಭಾಷೆಯಲ್ಲಿ ‘ಎಲ್‌ಸಿ’. ಎಲ್‌ಸಿ ಇಲ್ಲದೆ ತಂತಿ ಮುಟ್ಟಿದವನು ಕಂಬಕ್ಕಿಂತಲೂ ಮೇಲಕ್ಕೆ ಹೋಗುತ್ತಾನೆ! ನಿವೃತ್ತಿಯಾದರೂ ಅವರ ಅಭ್ಯಾಸ ಹೋಗಲಿಲ್ಲ. ಎಲ್‌ಸಿ ಕೊಡುವ ಸ್ಟೇಷನ್ ಎಂದರೆ ಈಗ ಅಡುಗೆಮನೆ ಒಂದೇ. “ಲೇ, ಹುಣಸೆಗೆ ಎಲ್‌ಸಿ ಕೊಡ್ತೀಯೇನೇ?” ಎಂದು ಇವರು ಮೇಲಿಂದ ಕೂಗಿದರೆ, “ಒಗ್ಗರಣೆ ಸೀದೋಗ್ತದೆ, ಸ್ವಲ್ಪ ಇರ್ರೀ!” ಎಂದು ಅವರು ಕೆಳಗಿನಿಂದ ಕೂಗುತ್ತಾರೆ. ಅಲ್ಲಿಯವರೆಗೂ ಚಿಕ್ಕಪ್ಪ ಕತ್ತರಿ ಹಿಡಿದು ಹುಣಸೆಮರದ ಮುಂದೆ ಕಾಯುತ್ತಾರೆ. ಮರ ಎಂದರೆ ಎಷ್ಟೆತ್ತರ ಅಂದುಕೊಂಡಿರಿ? ನಮ್ಮ ಮನೆಯ ಕುಕ್ಕರಿನಷ್ಟು!

ಆ ತಾರಸಿಯ ಮೇಲೆ ಆಲ, ಗೋಣಿ, ನೇರಳೆ, ಹುಣಸೆ ಎಲ್ಲ ಇವೆ, ಎಲ್ಲವೂ ಕುಳ್ಳ. ಕತ್ತರಿಸುವುದು, ತಂತಿ ಸುತ್ತಿ ಕೊಂಬೆ ಬಗ್ಗಿಸುವುದು ಚಿಕ್ಕಪ್ಪನ ಖಾತೆ. ಮಣ್ಣು, ನೀರು, ಗೊಬ್ಬರ ಚಿಕ್ಕಮ್ಮನ ಖಾತೆ. ಖಾತೆಗಳ ನಡುವೆ ಜಗಳ ನಿತ್ಯದ್ದು.

“ಈ ಕೊಂಬೆ ನೋಡೇ, ಲೋ ವೋಲ್ಟೇಜು. ಸಪ್ಲೈ ಸರಿಯಾಗಿ ಬರ್ತಾ ಇಲ್ಲ.”

“ನೀವು ಕತ್ತು ಹಿಸುಕ್ದಂಗೆ ತಂತಿ ಬಿಗಿದ್ರೆ ಎಲ್ಲಿಂದ ಬತ್ತದೆ ಸಪ್ಲೈ?”

ಚಿಕ್ಕಮ್ಮನೂ ಏನು ಕಡಿಮೆಯಲ್ಲ. ಮಣ್ಣಿಗೆ ಬೆರೆಸುವ ಇಟ್ಟಿಗೆ ಚೂರನ್ನು ಜರಡಿ ಹಿಡಿಯಬೇಕಲ್ಲ, ಮನೆಯಲ್ಲಿದ್ದದ್ದು ರಾಗಿಹಿಟ್ಟಿನ ಜರಡಿ ಒಂದೇ. ಅವತ್ತು ಊಟಕ್ಕೆ ಕೂತ ನನ್ನ ಮುದ್ದೆಯಲ್ಲಿ ಏನೋ ಕಟಕ್ ಎಂದಿತು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಹಿರಿಯರು ಯಾಕೆ ಹೇಳುತ್ತಾರೆಂದು ನನಗೆ ತಿಳಿದದ್ದು ಅವತ್ತೇ!

ಇಷ್ಟು ನಗುತ್ತಾ ಹೇಳಿದೆನಲ್ಲ, ಆ ನೋಟ್‌ಬುಕ್ಕಿನ ಮೊದಲ ಸಾಲಿನ ವಿಷಯಕ್ಕೆ ಮಾತ್ರ ಆ ಮನೆಯಲ್ಲಿ ಯಾರೂ ನಗುವುದಿಲ್ಲ. ‘ಅಶ್ವತ್ಥ. ಕೆರೆ ಏರಿ. ಬಲಗಡೆ ಕೊಂಬೆ.’ ಎದುರಿಗೆ ಸಹಿಯ ಜಾಗ ಖಾಲಿ. ಒಂದು ಪುಸ್ತಕ ತುಂಬಿ ಇನ್ನೊಂದು ತಂದಾಗಲೆಲ್ಲ ಚಿಕ್ಕಪ್ಪ ಆ ಸಾಲನ್ನೇ ಮೊದಲು ಬರೆಯುತ್ತಾರೆ. ಚಿಕ್ಕಮ್ಮ ಅದನ್ನು ದಾಟಿ ಎರಡನೇ ಸಾಲಿನಿಂದ ಸಹಿ ಹಾಕುತ್ತಾರೆ.

ಅದು ನಾನು ಶಾಲೆಗೆ ಹೋಗುತ್ತಿದ್ದ ಕಾಲದ ಕಥೆ. ಮದುವೆಯಾಗಿ ಆರೇಳು ವರ್ಷವಾದರೂ ಅವರಿಗೆ ಮಕ್ಕಳಿರಲಿಲ್ಲ. ನಲವತ್ತೆಂಟು ದಿನ, ದಿನಕ್ಕೆ ಇಪ್ಪತ್ತೊಂದು ಸಲ, ಕೆರೆ ಏರಿಯ ಅಶ್ವತ್ಥಕಟ್ಟೆ ಸುತ್ತುತ್ತೇನೆಂದು ಚಿಕ್ಕಮ್ಮ ಹರಕೆ ಹೊತ್ತರು. ನಲವತ್ತು ದಿನ ಸುತ್ತಿದರು. ನಲವತ್ತೊಂದನೇ ಬೆಳಿಗ್ಗೆ ಒದ್ದೆ ಸೀರೆಯಲ್ಲಿ ತಂಬಿಗೆ ಹಿಡಿದು ಹೋದರೆ ಮರದ ಮೇಲೆ ಯಾರಿದ್ದಾರೆ? ಮಚ್ಚು ಹಿಡಿದ ಚಿಕ್ಕಪ್ಪ! ಲೈನಿಗೆ ತಾಗುತ್ತಿದ್ದ ಕೊಂಬೆ ಕಡಿಯಲು ಆಫೀಸಿನಿಂದ ಹೇಳಿದ್ದರು, ಸ್ಟೇಷನ್ನಿನಿಂದ ಎಲ್‌ಸಿ ಸಿಕ್ಕಿತ್ತು, ಇವರು ಹತ್ತಿದ್ದರು. ಹೆಂಡತಿಗೆ ಒಂದು ಮಾತು ಹೇಳಬೇಕೆಂದು ಹೊಳೆದಿರಲಿಲ್ಲ. “ಕೆಳಗೆ ನಿಂತ್ಕೋಬೇಡ, ದೂರ ಹೋಗು!” ಎಂದು ಮೇಲಿಂದ ಕೂಗಿದರು. ಚಿಕ್ಕಮ್ಮ ದೂರ ಹೋದರು. ಮತ್ತೆ ಆ ಕಟ್ಟೆಗೆ ಬರಲಿಲ್ಲ. ಮಕ್ಕಳೂ ಆಗಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ನೀವೂ ನಾನೂ ಹೇಳಬಹುದು, ಹೇಳಿ ಏನು ಪ್ರಯೋಜನ?

ಚಿಕ್ಕಪ್ಪ ಅವತ್ತು ಆ ಕೊಂಬೆಯ ತುಂಡೊಂದನ್ನು ಮನೆಗೆ ತಂದು ಒಡೆದ ಬಕೆಟ್ಟಿನಲ್ಲಿ ನೆಟ್ಟರು. ತಿಂಗಳ ಮೇಲೆ ಅದು ಚಿಗುರಿತು. ಆಗ ಹುಟ್ಟಿದ್ದು ಬೋನ್ಸಾಯ್ ವಿದ್ಯೆ. ನೆಲಕ್ಕೆ ಯಾಕೆ ನೆಡಲಿಲ್ಲ ಎಂದು ಕೇಳಿದರೆ ಚಿಕ್ಕಪ್ಪನ ಉತ್ತರ ಸಿದ್ಧ: “ನೆಟ್ರೆ ಬೆಳೀತದೆ, ಬೆಳೆದ್ರೆ ಲೈನಿಗೆ ತಾಗ್ತದೆ, ತಾಗಿದ್ರೆ ಮತ್ತೆ ನಾನೇ ಹತ್ಬೇಕು. ಯಾವ ಲೈನಿಗೂ ಸಿಗದಷ್ಟು ಗಿಡ್ಡಕ್ಕೆ ಇಟ್ಟಿದ್ದೀನಿ ಕಣ್ಲಾ.” ಚಿಗುರಿಗೆ ಮೊದಲು ನೀರು ಹಾಕಿದ್ದು ಚಿಕ್ಕಮ್ಮ. ಇವರು ಕತ್ತರಿ ಹಿಡಿದು ಹತ್ತಿರ ಹೋದಾಗ, “ನನ್ನ ಕೇಳ್ದೆ ಒಂದು ಎಲೆ ಮುಟ್ಟಿದ್ರೆ ನೋಡಿ!” ಎಂದಿದ್ದೂ ಅವರೇ. ಮಾರನೆಯ ದಿನವೇ ನೋಟ್‌ಬುಕ್ಕು ಬಂತು.

ಅಶ್ವತ್ಥ ಎರಡಡಿ ಬೆಳೆದು ನಿಂತ ಮೇಲೆ ಬೀದಿಯ ಹೆಂಗಸರು ತಕರಾರು ತೆಗೆದರು. ಮನೆಯಲ್ಲಿ ಅಶ್ವತ್ಥ ಬೆಳೆಸುವುದೇ ತಪ್ಪು, ಬೆಳೆಸಿದರೂ ಬೇವಿನ ಜೊತೆ ಮದುವೆ ಮಾಡದೆ ಇಡಬಹುದೇ? ಸರಿ, ಮೋರಿ ಪಕ್ಕದಲ್ಲಿ ಹುಟ್ಟಿದ್ದ ಬೇವಿನ ಸಸಿಯನ್ನು ಚಿಕ್ಕಮ್ಮ ತಂದು ಅದೇ ಕುಂಡದಲ್ಲಿ ಕೂರಿಸಿದರು. ಬೆಂಕಿಪೊಟ್ಟಣದ ರಟ್ಟಿನಲ್ಲಿ ಬಾಸಿಂಗ, ಹೊಲಿಗೆ ದಾರದಲ್ಲಿ ತಾಳಿ. ದೇವನಹಳ್ಳಿಯಿಂದ ನಾನೂ ರಜೆ ಹಾಕಿ ಬಂದಿದ್ದೆ. ರಜೆಗೆ ಕಾರಣ ‘ಹತ್ತಿರದವರ ಮದುವೆ’ ಎಂದು ಬರೆದಿದ್ದೆ, ಸುಳ್ಳೇನಲ್ಲವಲ್ಲ!

ಕಷ್ಟ ಬಂದದ್ದು ಪ್ರದಕ್ಷಿಣೆಗೆ. ಕುಂಡವಿದ್ದದ್ದು ತಾರಸಿಯ ಮೂಲೆಯಲ್ಲಿ, ಎರಡು ಕಡೆ ಗೋಡೆ. ಚಿಕ್ಕಪ್ಪ ಹೆದರಲಿಲ್ಲ. ಹಳೇ ಸೀಲಿಂಗ್ ಫ್ಯಾನನ್ನು ರೆಕ್ಕೆ ಕಳಚಿ ತಲೆಕೆಳಗೆ ಮಾಡಿ, ಮೇಲೆ ಹಲಗೆ ಬಿಗಿದು, ಕುಂಡವನ್ನು ಅದರ ಮೇಲಿಟ್ಟರು. “ನೀವ್ಯಾರೂ ಸುತ್ಬೇಡಿ ಕಣ್ರವ್ವ, ಕೈ ಮುಗ್ದು ನಿಂತ್ಕಳಿ. ಮರಾನೇ ಸುತ್ತುತ್ತೆ!” ಎಂದು ಕೈಯಲ್ಲಿ ತಿರುಗಿಸತೊಡಗಿದರು.

“ಸ್ವಿಚ್ ಮಾತ್ರ ಹಾಕ್ಬೇಡ್ರಿ, ಮದುಮಕ್ಕಳು ಹಾರೋಗ್ತಾರೆ,” ಎಂದರು ಚಿಕ್ಕಮ್ಮ.

ಹನ್ನೊಂದು ಸುತ್ತು ಮುಗಿದಿರಬೇಕು, ಪುರೋಹಿತರು ಎದ್ದು ನಿಂತರು. “ನಿಲ್ಸಿ ನಿಲ್ಸಿ! ಮರ ಬಲಕ್ಕೆ ತಿರುಗಿದ್ರೆ ಇವರೆಲ್ಲಾ ಎಡಕ್ಕೆ ಸುತ್ತಿದಂಗಾಯ್ತಲ್ಲಾ ಸ್ವಾಮಿ!” ಹೆಂಗಸರ ಮುಖ ಬಿಳಿಚಿಕೊಂಡಿತು. ಚಿಕ್ಕಪ್ಪ ಶಾಂತವಾಗಿ, “ಗಾಬರಿ ಬೇಡಿ, ಮೋಟಾರಿಗೆ ಆದಂಗೆ ಫೇಸ್ ಉಲ್ಟಾ ಆಗಿದೆ ಅಷ್ಟೇ,” ಎಂದು ಹನ್ನೊಂದು ಸುತ್ತನ್ನೂ ಹಿಂದಕ್ಕೆ ಬಿಚ್ಚಿ ಹೊಸದಾಗಿ ಶುರು ಮಾಡಿದರು. ಎಲ್ಲರೂ ಕೈ ಮುಗಿದು ನಿಂತಿದ್ದರು. ಚಿಕ್ಕಮ್ಮ ಮಾತ್ರ ಕೋಸಂಬರಿ ಕಲಸುವ ನೆಪದಲ್ಲಿ ಕೆಳಗಿಳಿದು ಹೋಗಿದ್ದರು. ಆಗ ನನಗೆ ಅದು ಗಮನಕ್ಕೆ ಬರಲಿಲ್ಲ.

ಕಳೆದ ತಿಂಗಳು ಒಂದು ಬೆಳಿಗ್ಗೆ ಹೋದಾಗ ತಾರಸಿಯಲ್ಲಿ ಚಿಕ್ಕಮ್ಮ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೈ ಮುಗಿದು ಕೂತಿದ್ದರು. ಮಂಡಿ ನೋವಿನಿಂದ ಅವರಿಗೆ ಈಗ ಹೆಚ್ಚು ಹೊತ್ತು ನಿಲ್ಲಲಾಗುವುದಿಲ್ಲ. ಚಿಕ್ಕಪ್ಪ ಬಗ್ಗಿ, ಅದೇ ಫ್ಯಾನಿನ ಮೇಲಿದ್ದ ಅಶ್ವತ್ಥವನ್ನು ನಿಧಾನಕ್ಕೆ, ಸರಿಯಾದ ದಿಕ್ಕಿಗೆ ತಿರುಗಿಸುತ್ತಿದ್ದರು. ಹೊಸ ಎಲೆಗಳು ತಾಮ್ರದ ಬಣ್ಣಕ್ಕಿದ್ದವು.

“ಏನು ಚಿಕ್ಕಮ್ಮ ಇದು?”

“ಅವತ್ತು ಎಂಟು ದಿನ ಉಳಿದಿತ್ತಲ್ಲಪ್ಪ. ಇವತ್ತಿಗೆ ಮುಗೀತದೆ.”

“ಈಗ ಏನು ಕೇಳ್ಕೋತೀರಾ?”

“ಕೇಳೋದೇನೈತೆ? ಹೊತ್ತಿದ್ದು ಇಳಿಸ್ಬೇಕು, ಅಷ್ಟೇ.”

ಇಪ್ಪತ್ತೊಂದು ಸುತ್ತು ಮುಗಿಯಿತು. ಚಿಕ್ಕಮ್ಮ ಕೈ ಇಳಿಸಿದರು. ಚಿಕ್ಕಪ್ಪ ಮಾತ್ರ ನಿಲ್ಲಿಸದೆ ಇನ್ನೊಂದು ಸುತ್ತು ತಿರುಗಿಸಿದರು.

“ಮುಗೀತು ಕಣ್ರೀ, ಇನ್ಯಾಕೆ?”

“ಇದು ನಂದು,” ಎಂದರು ಚಿಕ್ಕಪ್ಪ, ತಲೆ ಎತ್ತದೆ. “ನಿನ್ನ ಕೇಳ್ದೆ ಕಡಿದ್ಬಿಟ್ಟೆನಲ್ಲ, ಅದಕ್ಕೆ.”

ಮಾತಿಗೆ ಮುಂಚೆ ತಮಾಷೆ ಮಾಡುವ ಮನುಷ್ಯನ ಬಾಯಲ್ಲಿ ಇಷ್ಟು ಸಣ್ಣ ದನಿ ನಾನು ಕೇಳಿರಲಿಲ್ಲ. ಚಿಕ್ಕಮ್ಮ ಬಾಗಿಲ ಪಕ್ಕದ ಮೊಳೆಯ ಕಡೆ ಕೈ ತೋರಿಸಿ, “ಆ ಪುಸ್ತಕ ಕೊಡಪ್ಪ ಇಲ್ಲಿ,” ಎಂದು ನನಗೆ ಹೇಳಿದರು. ತೊಡೆಯ ಮೇಲಿಟ್ಟುಕೊಂಡು ಮೊದಲ ಪುಟ ತೆಗೆದರು. ಮೊದಲ ಸಾಲಿನ ಎದುರಿಗೆ ‘ಆಯ್ತು, ಬಿಡಿ’ ಎಂದು ಬರೆದು ಸಹಿ ಹಾಕಿದರು.

ಚಿಕ್ಕಪ್ಪ ಕನ್ನಡಕ ಏರಿಸಿ ಅದನ್ನು ಓದಿದರು. ಮತ್ತೆ ಓದಿದರು. “ತಾರೀಖು ಹಾಕಿಲ್ಲ ನೀನು,” ಎಂದರು.

“ನೀವೇ ಹಾಕ್ಕಳಿ.”

ಚಿಕ್ಕಪ್ಪ ಪೆನ್ನು ತೆಗೆದುಕೊಂಡರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು, ಪೆನ್ನನ್ನು ನನ್ನ ಕಡೆ ಚಾಚಿದರು. ಕೊನೆಗೆ ತಾರೀಖು ನಾನೇ ಬರೆದೆ.