ಮೂರು ಬೀಗದ ಗುಟ್ಟು

“ಇವತ್ತಿನಿಂದ ನನ್ನ ಪತ್ರದ ಒಂದಕ್ಷರ ಇರುವೆಗೂ ಸಿಗಲ್ಲ!” ಎಂದು ಸೊಸೆ ಬೆಳಿಗ್ಗೆಯೇ ಘೋಷಿಸಿದಳು.

ಮನೆಯಿಂದಲೇ ಇಮೇಲ್ ಆ್ಯಪ್ ಕಟ್ಟುವ ಕೆಲಸ ಅವಳದು. ಪತ್ರ ಬಂದ ಕೂಡಲೇ ಫೋನು ಟಿಂಗ್ ಎನ್ನುತ್ತದಲ್ಲ, ಆ ನೋಟಿಫಿಕೇಶನ್ನಿಗೆ ಬೀಗ ಜಡಿಯುವ ಹೊಣೆ ಅವಳ ತಲೆಯ ಮೇಲಿತ್ತು. ಹೊರಡುವಾಗ ಒಂದು ಬೀಗ, ದಾರಿಯಲ್ಲೊಂದು, ಸೇರಿದಲ್ಲೊಂದು. ನಡುವಿನ ಸರ್ವರ್ ಮಹಾಶಯನೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಪತ್ರ ಹೊರಬೇಕು!

ಪರೀಕ್ಷೆಗೆ ಗಂಡನ ಫೋನೇ ಬಲಿಪಶು.

“ಸುಮ್ನೆ ಒಂದು ಎರಡು ಮೂರು ಅಂತ ಕಳಿಸ್ಬಾರ್ದೇನೆ?”

“ಗುಟ್ಟು ಕಾಯೋ ಆ್ಯಪಿಗೆ ನಿಜವಾದ ಗುಟ್ಟೇ ಕೊಡ್ಬೇಕು ರೀ!”

ಗುಟ್ಟಿಗೇನೂ ಬರವಿರಲಿಲ್ಲ. ನಾಲ್ಕು ವರ್ಷದ ಪುಟ್ಟಿಗೆಂದು ಅತ್ತೆ ಮೂರು ತಿಂಗಳು ಕೂತು ಹೆಣೆದ ನೀಲಿ ಸ್ವೆಟರನ್ನು ಇವಳು ಹೋದ ಭಾನುವಾರ ಬಿಸಿನೀರಿನಲ್ಲಿ ಮೆಷಿನ್ನಿಗೆ ಹಾಕಿದ್ದಳು. ಹೊರಬಂದದ್ದು ಗೊಂಬೆಯ ಅಳತೆಯದು! ಅತ್ತೆಯೋ, ನಾಳೆ ಮೊಮ್ಮಗಳಿಗೆ ಅದನ್ನೇ ತೊಡಿಸಿ ಫೋಟೊ ತೆಗೆಸಬೇಕೆಂದು ಪಟ್ಟು ಹಿಡಿದಿದ್ದರು.

ಸೊಸೆ ಕೋಣೆಯ ಬಾಗಿಲು ಹಾಕಿ, ಕಿವಿಗೆ ಹೆಡ್‌ಫೋನ್ ಏರಿಸಿ ಬರೆದಳು: ‘ಪುಟ್ಟಿ ಸ್ವೆಟರ್ ಕುಗ್ಗಿಹೋಗಿದೆ. ಅಂಗಡಿಯಿಂದ ಅಂಥದ್ದೇ ತನ್ನಿ.’ ಗಂಡ ತೆರೆದ ಗುರುತಿಲ್ಲ. ಇನ್ನೊಂದು ಕಳಿಸಿದಳು: ‘ಓದಿದ್ರಾ? ಅತ್ತೆಗೆ ಗೊತ್ತಾಗ್ಬಾರ್ದು.’ ಊಹೂಂ! ಮೂರನೆಯದು: ‘ಅವರಿಗೆ ಕಣ್ಣು ಮಂಜು, ಅಂಗಡೀದು ಅಂತ ಗೊತ್ತಾಗಲ್ಲ ಬಿಡಿ!’

ಕೊನೆಗೆ ರೇಗಿ ಅಡುಗೆಮನೆಗೆ ನುಗ್ಗಿದಳು. “ಬಂತೇನ್ರೀ?”

ಗಂಡ ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು, ಆ ಹಿಟ್ಟಿಗಿಂತ ಬೆಳ್ಳಗಾಗಿ ನಿಂತಿದ್ದ. ಬಟಾಣಿ ಸುಲಿಯುತ್ತಿದ್ದ ಅತ್ತೆ ತಲೆಯೆತ್ತದೆ ಉತ್ತರಿಸಿದರು:

“ಬಂತಮ್ಮ. ಮೂರೂ ಬಂತು.”

“ಕೈಯೆಲ್ಲ ಹಿಟ್ಟು ಅಂತ, ಬಂದಿದ್ದನ್ನೆಲ್ಲ ಗಟ್ಟಿಯಾಗಿ ಓದು ಅಂತ ಫೋನಿಗೆ ಹೇಳಿಟ್ಟಿದ್ದೆ ಕಣೇ,” ಗಂಡ ತೊದಲಿದ. “ನಿಲ್ಸು ನಿಲ್ಸು ಅಂತ ಎಷ್ಟು ಕೂಗಿದೆ! ನಿನ್ನ ಕಿವಿಗೆ ಬೀಳ್ಬೇಕಲ್ಲ!”

ಮೂರು ಬೀಗ ದಾಟಿ ಭದ್ರವಾಗಿ ಬಂದ ಗುಟ್ಟು, ಅಡುಗೆಮನೆಯ ಡಬ್ಬಿಗಳ ಪಕ್ಕದ ಫೋನಿನಲ್ಲಿ ಕೂತು ಡಂಗುರ ಸಾರಿತ್ತು!

ಸೊಸೆಯ ಕಣ್ಣು ತುಂಬಿತು. “ತಪ್ಪಾಯ್ತು ಅತ್ತೆ. ನಿಮ್ಗೆ ನೋವಾಗುತ್ತೆ ಅಂತ ಮುಚ್ಚಿಟ್ಟೆ...”

“ಅಯ್ಯೋ ಹುಚ್ಚಿ, ನಂಗೆ ಸೋಮವಾರವೇ ಗೊತ್ತು! ನೀನಾಗಿ ಯಾವಾಗ ಬಾಯಿ ಬಿಡ್ತೀಯೋ ಅಂತ್ಲೇ ದಿನಾ ಫೋಟೊ ಫೋಟೊ ಅಂತಿದ್ದೆ.”

“ಸೋಮವಾರವೇ? ಯಾರು ಹೇಳಿದ್ದು?”

“ಪುಟ್ಟಿ. ಅದನ್ನ ಗೊಂಬೆಗೆ ಹಾಕಿ ತಂದು, ‘ಅಜ್ಜೀ, ಇದನ್ನ ಯಾರಿಗೂ ಹೇಳ್ಬೇಡ ಅಂದಿದಾಳೆ ಅಮ್ಮ’ ಅಂತ ಹೇಳಿ ಹೋದ್ಲು. ಪತ್ರಕ್ಕೇನೋ ಮೂರು ಬೀಗ ಹಾಕ್ದೆ. ನೀನೇ ಹೆತ್ತ ಆ ಬಾಯಿಗೆ ಎಲ್ಲಿಂದ ತರ್ತೀಯಮ್ಮ ಬೀಗ?”